ಕಡಿಮೆ ಮತ ಪಡೆದವರು ಅಮೆರಿಕದ ಅಧ್ಯಕ್ಷರಾಗುವುದು ನ್ಯಾಯವೇ?

ನನ್ನ ಪ್ರಕಾರ ನ್ಯಾಯವಲ್ಲ. ಆದರೆ ತಪ್ಪು ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸಬೇಕು.

ಅಲ್ಲಿ ಜನರ ಮತದಿಂದ, ಅಧ್ಯಕ್ಷರನ್ನು ಆರಿಸುವ 538 ಎಲೆಕ್ಟರ್‌ಗಳು ಆಯ್ಕೆಯಾಗುತ್ತಾರೆ. ಗೆಲ್ಲಲು ಅವರಲ್ಲಿ 270 ಮಂದಿಯ ಮತ ಬೇಕು. ಪ್ರತಿ ರಾಜ್ಯಕ್ಕೂ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಅದಕ್ಕಿರುವ ಸ್ಥಾನಗಳಷ್ಟು, ಜೊತೆಗೆ ಮೇಲ್ಮನೆಯಾದ ಸೆನೆಟ್‌ನ ಲೆಕ್ಕದಲ್ಲಿ ಇನ್ನೆರಡು. ಈ ಎರಡರಿಂದಲೇ ತಕ್ಕಡಿ ವಾಲುತ್ತದೆ: ವಯೋಮಿಂಗ್‌ನಲ್ಲಿ ಸುಮಾರು 1.9 ಲಕ್ಷ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷಕ್ಕೆ ಒಬ್ಬ.

ಎಲ್ಲರೂ ಬೊಟ್ಟು ಮಾಡುವುದು ಇದರತ್ತ. 2000ದ ಚುನಾವಣೆಯ ಮಟ್ಟಿಗೆ ಅದು ನಿಜ: ಬುಷ್ ಗೆದ್ದ ಎಲೆಕ್ಟರ್‌ಗಳು 271, ಜನರ ಮತ ಹೆಚ್ಚು ಪಡೆದ ಗೋರ್ ಗೆದ್ದದ್ದು 267. ರಾಜ್ಯಕ್ಕೆ ಎರಡರಂತೆ ಕಳೆದರೆ 211–225, ಗೋರ್ ಗೆಲ್ಲುತ್ತಿದ್ದರು. ಆದರೆ 2016ರ ಟ್ರಂಪ್–ಕ್ಲಿಂಟನ್ ಲೆಕ್ಕ (306–232) ಹಾಗೇ ಕಳೆದರೂ 246–190, ಫಲಿತಾಂಶ ಬದಲಾಗದು. ಕ್ಲಿಂಟನ್‌ಗೆ ದೇಶದಾದ್ಯಂತ ಸುಮಾರು 29 ಲಕ್ಷ ಮತ ಹೆಚ್ಚು ಬಂದಿತ್ತು!

ದೊಡ್ಡ ದೋಷ 'ಗೆದ್ದವರಿಗೇ ಎಲ್ಲ' ಎಂಬ ನಿಯಮ. ಮೇನ್, ನೆಬ್ರಾಸ್ಕ ಬಿಟ್ಟು ಉಳಿದೆಡೆ ಒಂದೇ ಮತದ ಮುನ್ನಡೆ ಸಿಕ್ಕರೂ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಒಬ್ಬರಿಗೇ. 2000ದಲ್ಲಿ ಫ್ಲೋರಿಡಾದ 25 ಎಲೆಕ್ಟರ್‌ಗಳು 537 ಮತಗಳ ಅಂತರದಲ್ಲಿ ಹೋದವು. ಸೋತವರ ಲಕ್ಷಾಂತರ ಮತಗಳು ಲೆಕ್ಕಕ್ಕೇ ಇಲ್ಲ. ಈ ನಿಯಮ ಸಂವಿಧಾನದಲ್ಲಿಲ್ಲ. ರಾಜ್ಯಗಳೇ ಮಾಡಿಕೊಂಡದ್ದು, ಅವೇ ಬದಲಿಸಬಹುದು.

ನಮ್ಮ ರಾಷ್ಟ್ರಪತಿ ಚುನಾವಣೆಯೂ ಪರೋಕ್ಷವೇ. ಆದರೆ ಶಾಸಕರ ಮತಮೌಲ್ಯ 1971ರ ಜನಸಂಖ್ಯೆಗೆ ತಕ್ಕಂತಿದೆ: ಕರ್ನಾಟಕದವರಿಗೆ 131, ಸಿಕ್ಕಿಂನವರಿಗೆ 7. ಪ್ರತಿ ಶಾಸಕರ ಮತವೂ ಬೇರೆಬೇರೆಯಾಗಿ ಎಣಿಕೆಯಾಗುತ್ತದೆ, ರಾಜ್ಯದ ಮತಗಳು ಒಟ್ಟಾಗಿ ಒಬ್ಬರ ಪಾಲಾಗುವುದಿಲ್ಲ.