ಅಪಾಯಕಾರಿ ತ್ಯಾಜ್ಯವನ್ನು ಹೂಳಲು ಉಪ್ಪಿನ ಪದರವನ್ನೇ ಏಕೆ ಆರಿಸುತ್ತಾರೆ?

ಆಳದ ಉಪ್ಪಿನ ಪದರದಲ್ಲಿ ನೀರು ಹರಿಯುವುದಿಲ್ಲ, ಅದರಲ್ಲಿ ಬಿದ್ದ ಬಿರುಕು ಕಾಲಕ್ರಮೇಣ ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂಬುದೇ ಮುಖ್ಯ ಕಾರಣ. ನಿವೃತ್ತಿಯ ನಂತರ ಈ ವಿಷಯ ಓದತೊಡಗಿರುವ ತಾವು, ನೀರಿನಲ್ಲಿ ಕರಗುವ ಉಪ್ಪನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಆ ಕರಗುವ ಗುಣವೇ ಇಲ್ಲಿ ಸಾಕ್ಷಿ. ಅಮೆರಿಕದ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬಾಡ್ ಸಮೀಪ ಸುಮಾರು 655 ಮೀಟರ್ ಆಳದಲ್ಲಿರುವ ಉಪ್ಪಿನ ಪದರಕ್ಕೆ ಸುಮಾರು 25 ಕೋಟಿ ವರ್ಷ ವಯಸ್ಸಾಗಿದ್ದು, ಅಲ್ಲಿ ನೀರು ಹರಿದಿದ್ದರೆ ಅದು ಇಷ್ಟು ಕಾಲ ಉಳಿಯುತ್ತಲೇ ಇರಲಿಲ್ಲ.

1999ರಿಂದ ಅಲ್ಲಿ ಪ್ಲುಟೋನಿಯಂ ಎಂಬ ವಿಕಿರಣ ಸೂಸುವ ಲೋಹ ಅಂಟಿದ ಕೈಗವಸು, ಬಟ್ಟೆ, ಉಪಕರಣಗಳನ್ನು ಉಕ್ಕಿನ ಡ್ರಮ್ಮುಗಳಲ್ಲಿ ಇಡಲಾಗುತ್ತಿದೆ. ಮೇಲಿನ ಬಂಡೆಗಳ ಭಾರಕ್ಕೆ ಉಪ್ಪು, ಆರುತ್ತಿರುವ ಬೆಲ್ಲದ ಪಾಕದಂತೆ, ಬಹಳ ನಿಧಾನವಾಗಿ ಜರುಗುತ್ತದೆ. ಕೊರೆದ ಕೋಣೆಗಳು ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಕಿರಿದಾಗುತ್ತಾ, ಕೊನೆಗೆ ಡ್ರಮ್ಮುಗಳನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತವೆ.

ಕೈಕೊಡುವುದು ಹೆಚ್ಚಾಗಿ ಮನುಷ್ಯರ ಎಚ್ಚರಿಕೆಯೇ ಎಂದು ನನಗನ್ನಿಸುತ್ತದೆ. ಬೆಕ್ಕು ಸಾಕುವವರು ಮಲದ ತಟ್ಟೆಗೆ ಹಾಕುವ, ಗೋಧಿಯಿಂದ ತಯಾರಿಸಿದ ಹೀರುಪುಡಿಯನ್ನು ನೈಟ್ರೇಟ್ ಲವಣದ ತ್ಯಾಜ್ಯದೊಂದಿಗೆ ಬೆರೆಸಿ ತುಂಬಿದ್ದ ಒಂದು ಡ್ರಮ್ಮು 2014ರ ಫೆಬ್ರವರಿಯಲ್ಲಿ ಬಿಸಿಯಾಗಿ ಒಡೆದದ್ದರಿಂದ, ಅಲ್ಲಿ ತ್ಯಾಜ್ಯವಿಡುವ ಕೆಲಸ ಸುಮಾರು ಮೂರು ವರ್ಷ ನಿಂತುಹೋಗಿತ್ತು.