ಡಿಸ್ಕ್ ಸಾಯುತ್ತಿರುವ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕುವ ಮುನ್ನ

ನೀವು ಹೇಳಿದ್ದು ಇಷ್ಟು: 1 ಟಿಬಿ ಹಾರ್ಡ್ ಡಿಸ್ಕಿನ ಲ್ಯಾಪ್‌ಟಾಪ್, ಆನ್ ಮಾಡಿದಾಗಲೆಲ್ಲ ಡಿಸ್ಕ್ ರಿಪೇರಿಯ ಪರದೆ, ವಿಂಡೋಸ್ ಮತ್ತೆ ಹಾಕಲು ಹೋದರೆ ಅರ್ಧದಲ್ಲೇ 0ಎಕ್ಸ್8007045ಡಿ ಎಂಬ ಎರರ್, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ (ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ) ಹಳದಿ ಬಣ್ಣದ ‘ಕಾಷನ್’. ಡಿ ಡ್ರೈವಿನಲ್ಲಿ ಫೋಟೊ, ದಾಖಲೆಗಳಿವೆ, ಬೇರೆಲ್ಲೂ ನಕಲಿಲ್ಲ. ಫಾರ್ಮ್ಯಾಟ್ ಹೊಡೆದು ಮತ್ತೊಮ್ಮೆ ಹಾಕಿದರೆ ಸರಿಹೋದೀತೇ ಎಂದು ಕೇಳಿದ್ದೀರಿ.

ಹೋಗುವುದಿಲ್ಲ. ಆ ಎರರ್ ಹೇಳುತ್ತಿರುವುದೇ ಸಾಧನಕ್ಕೆ ಓದಲು ಬರೆಯಲು ಆಗುತ್ತಿಲ್ಲ ಎಂದು. ಕೆಟ್ಟಿರುವುದು ವಿಂಡೋಸ್ ಅಲ್ಲ, ಅದು ಕೂತಿರುವ ನೆಲ. ಈಗಲೇ ಲ್ಯಾಪ್‌ಟಾಪ್ ಆಫ್ ಮಾಡಿ. ಚೆಕ್‌ಡಿಸ್ಕ್ (ವಿಂಡೋಸಿನದೇ ಡಿಸ್ಕ್ ತಪಾಸಣೆಯ ಸಲಕರಣೆ) ಓಡಿಸಿ ಎಂದು ಯಾರಾದರೂ ಕೊಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ‘ಆರ್’ ಆಯ್ಕೆಯೊಂದಿಗೆ ಅದು ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುತ್ತದೆ, ಓದಲಾಗದ ಜಾಗ ಸಿಕ್ಕರೆ ಫೈಲ್ ವ್ಯವಸ್ಥೆಯನ್ನೇ ತಿದ್ದಿ ಬರೆಯುತ್ತದೆ. ಫೈಲು ಉಳಿಸುವುದು ಅದರ ಕೆಲಸವಲ್ಲ, ಕೋಷ್ಟಕ ಹೊಂದಿಸುವುದಷ್ಟೇ ಅದರ ಕೆಲಸ. ನಕಲು ಕೈಗೆ ಬರುವ ತನಕ ಆ ಡಿಸ್ಕಿಗೆ ಒಂದಕ್ಷರವೂ ಬರೆಯಬಾರದು.

ಹಳದಿ ಬಣ್ಣ ನೋಡಿ ಸುಮ್ಮನಾಗಬೇಡಿ, ಅಂಕಿ ನೋಡಿ. ಪಟ್ಟಿಯಲ್ಲಿ 05 ಎಂಬ ಸಾಲು ಎಂದರೆ ಡಿಸ್ಕ್ ತಾನೇ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು). ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ನಿಮ್ಮ ಫೈಲುಗಳಿಗೆ ಅಪಾಯವಿರುವುದು ಇಲ್ಲಿಯೇ. ಸಿ6 ಎಂದರೆ ಡಿಸ್ಕಿನ ಸ್ವಂತ ಪರೀಕ್ಷೆಯಲ್ಲೂ ಓದಲು ಬಾರದವು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈ ಸಂಖ್ಯೆಗಳನ್ನು ಸಾಮಾನ್ಯವಾಗಿ ಹದಿನಾರರ ಮಾನದಲ್ಲಿ (ಹೆಕ್ಸಾಡೆಸಿಮಲ್) ತೋರಿಸುತ್ತದೆ, ಆದ್ದರಿಂದ ಅಲ್ಲಿ ಕಾಣುವ 10 ಅಂದರೆ ವಾಸ್ತವದಲ್ಲಿ 16. 05 ಚಿಕ್ಕ ಸಂಖ್ಯೆಯಾಗಿದ್ದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ಅಷ್ಟು ಆತಂಕವಿಲ್ಲ. ದಿನದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ಕತೆ ಮುಗಿದಂತೆ. ಸಿ7 ಒಂದೇ ಏರುತ್ತಿದ್ದು ಉಳಿದವು ಸೊನ್ನೆಯಾಗಿದ್ದರೆ ಮಾತ್ರ ಖುಷಿಪಡಬಹುದು, ಏಕೆಂದರೆ ಅದು ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರಿನ ದೋಷ. ಡಿಸ್ಕಿನ ರಿಬ್ಬನ್ ಕೇಬಲ್ ಬಿಚ್ಚಿ ಮತ್ತೆ ಕೂರಿಸಿ ನೋಡಿ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ‘ಡಿಸ್ಕ್’ ಹೆಸರಿನಡಿ 7 ಮತ್ತು 153 ಸಂಖ್ಯೆಯ ದಾಖಲೆಗಳು ಸಾಲುಗಟ್ಟಿದ್ದರೆ ಅದೂ ಡಿಸ್ಕ್ ಓದಲು ಒದ್ದಾಡುತ್ತಿರುವುದನ್ನೇ ಹೇಳುತ್ತಿದೆ. ಟಕ್ ಟಕ್ ಸದ್ದು ಲಯಬದ್ಧವಾಗಿ ಬರುತ್ತಿದ್ದರೆ ಡಿಸ್ಕನ್ನು ಓದುವ ಹೆಡ್ಡೇ ಹೋಗಿದೆ ಎಂದು ಲೆಕ್ಕ. ಮುಂದೆ ಹೇಳುವ ಯಾವುದನ್ನೂ ಮಾಡದೆ ನಿಲ್ಲಿಸಿ. ಫೈಲು ನಿಜಕ್ಕೂ ಬೇಕಿದ್ದರೆ ಅದು ಡೇಟಾ ರಿಕವರಿಯವರ ಸ್ವಚ್ಛ ಕೋಣೆಯ ಕೆಲಸ. ಫ್ರಿಜ್ಜಿನಲ್ಲಿ ಇಡುವ ಉಪಾಯವನ್ನಂತೂ ಮಾಡಲೇಬೇಡಿ, ಒಳಗೆ ಕೂರುವ ತೇವವೇ ಉಳಿದದ್ದನ್ನೂ ಕೊಲ್ಲುತ್ತದೆ.

ಸದ್ದಿಲ್ಲದಿದ್ದರೆ ನಕಲಿನ ಕೆಲಸಕ್ಕೆ ಇಳಿಯಬಹುದು. ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಮಿಂಟ್ (ಎರಡೂ ಉಚಿತ ಲಿನಕ್ಸ್ ವ್ಯವಸ್ಥೆಗಳು) ಐಎಸ್ಒ ಫೈಲ್ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಬೂಟ್ ಮಾಡಿ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆ, ಓಡಿಸಿ. ವಿಂಡೋಸನ್ನು ಎಬ್ಬಿಸುವುದು ಬೇಡ ಎನ್ನಲು ಕಾರಣವಿದೆ: ಅದು ಹಿನ್ನೆಲೆಯಲ್ಲಿ ಇಂಡೆಕ್ಸ್, ಅಪ್‌ಡೇಟ್, ಪೇಜ್ ಫೈಲ್ ಎಂದು ಡಿಸ್ಕನ್ನು ಒಂದು ಗಳಿಗೆಯೂ ಸುಮ್ಮನಿರಲು ಬಿಡುವುದಿಲ್ಲ. ಪಾರ್ಟಿಷನ್ನನ್ನು ಓದಲು ಮಾತ್ರ ಎಂಬ ವಿಧದಲ್ಲಿ ಮೌಂಟ್ ಮಾಡಿ, ಅಂದರೆ ತೆರೆಯಿರಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಗೂಢಲಿಪಿ) ಇದ್ದರೆ 48 ಅಂಕಿಯ ರಿಕವರಿ ಕೀ ಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಸೈನ್‌ಇನ್ ಆಗಿದ್ದರೆ ಸಾಮಾನ್ಯವಾಗಿ ಆ ಖಾತೆಯಲ್ಲೇ ಇರುತ್ತದೆ. ಅದನ್ನು ಹುಡುಕಿ ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಹೊರಗಿನ ಇನ್ನೊಂದು ಡಿಸ್ಕಿಗೆ ನಕಲಿಸುವಾಗ ಮೊದಲು ಬೇರೆಲ್ಲೂ ಸಿಗದ ಫೈಲುಗಳು, ಅದರಲ್ಲೂ ಚಿಕ್ಕವು. ಸಿನಿಮಾ, ಇನ್‌ಸ್ಟಾಲರ್ ಇವೆಲ್ಲ ಕೊನೆಗೆ, ಅಥವಾ ಬೇಡವೇ ಬೇಡ. ಒಂದು ಫೈಲಿನ ಬಳಿ ಕಾಪಿ ನಿಮಿಷಗಟ್ಟಲೆ ನಿಂತಿತೋ, ಎಳೆದಾಡಬೇಡಿ, ಅಲ್ಲಿಗೇ ಬಿಡಿ. ಲ್ಯಾಪ್‌ಟಾಪ್ ಡಿಸ್ಕುಗಳು ಒಂದು ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತ ಹತ್ತಾರು ಸೆಕೆಂಡು ಕಳೆಯುತ್ತವೆ, ಸವೆಯುವುದೂ ಆಗಲೇ.

ಹಾಗೆ ನಿಂತರೆ ಕೆಟ್ಟ ಡಿಸ್ಕನ್ನು ಇಡಿಯಾಗಿ ನಕಲಿಸುವ ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶ ಬೇಕು. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಒಂದು ‘ಜಿ’ ಸೇರುತ್ತದೆ, ‘ಜಿಡಿಡಿರೆಸ್ಕ್ಯೂ’ ಎಂದು ಹುಡುಕಿ. ನಕಲು ಹೋಗುವ ಡಿಸ್ಕ್ 1 ಟಿಬಿಗಿಂತ ದೊಡ್ಡದಿರಲಿ, ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ. ಆಜ್ಞೆಯಲ್ಲಿ ಮೊದಲು ಕೆಟ್ಟ ಡಿಸ್ಕ್, ನಂತರ ಇಮೇಜ್ ಫೈಲ್ (ಡಿಸ್ಕಿನ ಪೂರ್ತಿ ನಕಲು), ಕೊನೆಗೆ ಮ್ಯಾಪ್ ಫೈಲ್ (ಯಾವ ಜಾಗ ಓದಿಯಾಗಿದೆ ಎಂಬ ಲೆಕ್ಕ). ಈ ಅನುಕ್ರಮ ತಿರುಗುಮುರುಗಾಗಬಾರದು, ನಿಮ್ಮ ಫೋಟೊಗಳ ಮೇಲೆಯೇ ಬರೆದುಕೊಂಡು ಹೋಗುವ ಅಪಾಯವಿದೆ. ಮಾಡೆಲ್ ಹೆಸರು, ಗಾತ್ರ ಎರಡನ್ನೂ ಎರಡು ಸಲ ನೋಡಿ, ಆಮೇಲೆ ಎಂಟರ್ ಒತ್ತಿ. ಮೊದಲ ಸುತ್ತು ‘ಎನ್’ ಆಯ್ಕೆಯೊಂದಿಗೆ: ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳನ್ನು ಕೆರೆಯುವ ಹಂತವನ್ನು ಬಿಟ್ಟುಬಿಡುತ್ತದೆ. ಎರಡನೇ ಸುತ್ತು ‘ಡಿ’ ಮತ್ತು ‘ಆರ್3’ ಆಯ್ಕೆಗಳೊಂದಿಗೆ, ಅದೇ ಮ್ಯಾಪ್ ಫೈಲ್ ಕೊಟ್ಟು: ಆಗ ಉಳಿದ ತುಣುಕುಗಳಿಗೆ ಮಾತ್ರ ಕೈಹಾಕುತ್ತದೆ. ಮ್ಯಾಪ್ ಫೈಲನ್ನು ಲೈವ್ ಪೆನ್‌ಡ್ರೈವಿನಲ್ಲಿ ಇಡಬೇಡಿ, ರೀಸ್ಟಾರ್ಟ್ ಆದರೆ ಮಾಯವಾಗಬಹುದು. ಇಮೇಜಿನ ಪಕ್ಕದಲ್ಲೇ ಇರಲಿ. ಆರೋಗ್ಯವಂತ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೂ 1 ಟಿಬಿಗೆ ಮೂರು ಗಂಟೆ ಹತ್ತಿರ ಬೇಕು, ಕೆಟ್ಟದ್ದು ಒಂದೆರಡು ದಿನ ತಿಂದರೂ ಆಶ್ಚರ್ಯವಿಲ್ಲ. ಚಾರ್ಜರ್ ಚುಚ್ಚಿರಲಿ, ನಿದ್ರೆಗೆ ಹೋಗುವ ಸೆಟ್ಟಿಂಗ್ ತೆಗೆದಿರಲಿ, ಗಾಳಿಯಾಡಲು ಕೆಳಗೆ ಎತ್ತರ ಕೊಡಿ. ಕೆಟ್ಟ ಡಿಸ್ಕನ್ನು ಯುಎಸ್‌ಬಿ ಡಬ್ಬಿಗೆ ಹಾಕುವುದಕ್ಕಿಂತ ಲ್ಯಾಪ್‌ಟಾಪ್ ಒಳಗೇ ಬಿಟ್ಟು ಓದುವುದು ಒಳ್ಳೆಯದು. ಓದಲಾಗದ ಸೆಕ್ಟರ್ ಸಿಕ್ಕಾಗ ಅಗ್ಗದ ಡಬ್ಬಿಗಳು ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ.

ಆ ಇಮೇಜನ್ನೇ ಹೊಸ ಡಿಸ್ಕಿಗೆ ಇಳಿಸಿ ಹಳೇ ವಿಂಡೋಸ್ ಓಡಿಸಬಹುದಲ್ಲ ಎಂದು ಅನ್ನಿಸುತ್ತದೆ. ಓಡಲೂಬಹುದು. ಆದರೆ ಓದಲಾಗದ ಸೆಕ್ಟರುಗಳ ಜಾಗದಲ್ಲಿ ತೂತುಗಳಿರುತ್ತವೆ, ಯಾವ ಸಿಸ್ಟಮ್ ಫೈಲಿನಲ್ಲಿ ಎಂದು ಹೇಳಲು ಬರುವುದಿಲ್ಲ. ಇಮೇಜಿನಿಂದ ಫೈಲು ಮಾತ್ರ ತೆಗೆದುಕೊಳ್ಳಿ, ವಿಂಡೋಸ್ ಹೊಸದಾಗಿಯೇ ಹಾಕಿ.

ಹೊಸ ಡಿಸ್ಕಿಗೆ ಬಂದರೆ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿಮೀ ದಪ್ಪ. ನಿಮ್ಮ ಹಳೇ ಡಿಸ್ಕ್ 9.5 ಮಿಮೀ ಇದ್ದರೆ ಅಂತರ ತುಂಬಲು ಪ್ಲಾಸ್ಟಿಕ್ ಚೌಕಟ್ಟು ಬೇಕಾದೀತು. ಎಂ.2 ಸ್ಲಾಟ್ (ಪಟ್ಟಿಯಾಕಾರದ ಚಿಕ್ಕ ಎಸ್‌ಎಸ್‌ಡಿ ಕೂರುವ ಜಾಗ) ಇದೆಯೆಂದು ಕಣ್ಣುಮುಚ್ಚಿ ವೇಗದ ವಿಧವಾದ ಎನ್‌ವಿಎಂಇ ಕೊಳ್ಳಬೇಡಿ: ಕೆಲವು ಸ್ಲಾಟ್‌ಗಳಿಗೆ ಸಾಟಾ ಮಾತ್ರ ಹಿಡಿಸುತ್ತದೆ, ಕೆಲವಕ್ಕೆ ಎನ್‌ವಿಎಂಇ ಮಾತ್ರ, ಕೆಲವಕ್ಕೆ ಎರಡೂ. ಉದ್ದವನ್ನೂ ನೋಡಿ, 2280 ಅಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. ಇದೆಲ್ಲ ಲ್ಯಾಪ್‌ಟಾಪ್ ಮಾಡೆಲಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಬಿಚ್ಚುವಾಗ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಸ್ಕ್ರೂಗಳನ್ನು ಅವುಗಳ ಜಾಗದ ಪ್ರಕಾರವೇ ಕಾಗದದ ಮೇಲೆ ಜೋಡಿಸಿಡಿ, ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹೋದರೆ ಕೀಬೋರ್ಡ್ ಬದಿಯಲ್ಲಿ ಗುಬುಟು ಏಳುತ್ತದೆ.

ಎಂ.2ಗೆ ಹೊಸದನ್ನು ಹಾಕಿದ್ದರೂ ವಿಂಡೋಸ್ ಹಾಕುವಾಗ ಹಳೇ ಡಿಸ್ಕ್ ಹೊರಗಿರಲಿ. ಎರಡೂ ಒಳಗಿದ್ದರೆ ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನ ಇಎಫ್ಐ ಪಾರ್ಟಿಷನ್ನಿಗೇ (ಬೂಟ್ ಆಗಲು ಮೀಸಲಾದ ಭಾಗ) ಹಾಕಿಬಿಡಬಹುದು, ಅದು ಸತ್ತ ದಿನ ಹೊಸದೂ ಏಳುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಮತ್ತು ಬೆಂಬಲಿತ ಪ್ರೊಸೆಸರ್ ಇದ್ದರೆ 11 ಹಾಕಿ, ಇಲ್ಲದಿದ್ದರೆ ಮಿಂಟ್ ಕಡೆ ಯೋಚಿಸಿ. ಪ್ರಾಡಕ್ಟ್ ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಒತ್ತಿ, ಮೊದಲಿದ್ದ ಆವೃತ್ತಿಯನ್ನೇ, ಹೋಮ್ ಇದ್ದರೆ ಹೋಮ್, ಆರಿಸಿ. ಡಿಜಿಟಲ್ ಲೈಸೆನ್ಸ್ ಅಂಟಿಕೊಂಡಿರುವುದು ಮದರ್‌ಬೋರ್ಡಿಗೆ, ಡಿಸ್ಕಿಗಲ್ಲ. ಹೊಸ ಡಿಸ್ಕ್ ಪಟ್ಟಿಯಲ್ಲೇ ಕಾಣದಿದ್ದರೆ, ಇಂಟೆಲ್ 11ನೇ ತಲೆಮಾರು ಮತ್ತು ನಂತರದವಾದರೆ, ಬಹುಪಾಲು ವಿಎಂಡಿ (ಡಿಸ್ಕುಗಳನ್ನು ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಕಾರಣ: ತಯಾರಕರ ತಾಣದಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ ಪೆನ್‌ಡ್ರೈವಿಗೆ ಬಿಚ್ಚಿ, ‘ಲೋಡ್ ಡ್ರೈವರ್’ ಕೊಡಿ. ವೈಫೈ ಡ್ರೈವರನ್ನೂ ಅಲ್ಲೇ ಇಟ್ಟುಕೊಳ್ಳಿ. ಹೊಸ ಡಿಸ್ಕಿಗೂ 0ಎಕ್ಸ್80070570 (ಫೈಲ್ ಕೆಟ್ಟಿದೆ ಎಂಬ ಎರರ್) ಎಂದು ಬಂದರೆ ಮೊದಲು ಪೆನ್‌ಡ್ರೈವ್ ಬದಲಿಸಿ, ನಂತರ ಮೆಮ್‌ಟೆಸ್ಟ್ ಓಡಿಸಿ ರ‍್ಯಾಮ್ ನೋಡಿ.

ಹೊಸದು ಬರುವ ತನಕ ಲ್ಯಾಪ್‌ಟಾಪ್ ಬೇಕೇ ಬೇಕು ಎಂದಾದರೆ ಹಳೇ ಡಿಸ್ಕಿಗೆ ವಿಂಡೋಸ್ ತುರುಕುವ ಬದಲು ಲೈವ್ ಪೆನ್‌ಡ್ರೈವಿನಿಂದಲೇ ಬ್ರೌಸರ್ ಕೆಲಸ ಮುಗಿಸಿಕೊಳ್ಳಿ, ಡಿಸ್ಕ್ ಇಲ್ಲದೆಯೂ ಓಡುತ್ತದೆ.

ಹಳೇ ಡಿಸ್ಕನ್ನು ಯಾರಿಗೂ ಕೊಡಬೇಡಿ. ಪೂರ್ತಿ ಸೊನ್ನೆ ಬರೆದರೂ, ಬದಲಿ ಜಾಗಕ್ಕೆ ಸಾಗಿಸಿದ ಹಳೇ ಸೆಕ್ಟರುಗಳನ್ನು ಸಾಮಾನ್ಯ ಬರವಣಿಗೆ ಮುಟ್ಟುವುದೇ ಇಲ್ಲ. ಒಡೆದು ಹಾಕುವುದೇ ದಾರಿ. ಆದರೆ 2.5 ಇಂಚಿನ ಡಿಸ್ಕುಗಳ ತಟ್ಟೆ ಬಹಳ ಸಲ ಗಾಜಿನದು. ಸುತ್ತಿಗೆ ಹೊಡೆಯುವ ಮುನ್ನ ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆ ಹಾಕಿಕೊಳ್ಳಿ.