ಪೇಪರ್ ತಟ್ಟೆ ಜರಡಿಯಾದರೆ ಸಾಲದು, ಮಿಕ್ಕ ಚರೆ ಎಲ್ಲಿ ಹೋಯಿತು?

ಏಪ್ರಿಲ್‌ನಲ್ಲಿ ಮೊದಲ ಟರ್ಕಿ ಕೋಳಿ ಬೇಟೆ, ಅಂಗಡಿಯ ಗುರಿಹಾಳೆ ದುಬಾರಿ, ಪೇಪರ್ ತಟ್ಟೆಯ ಮೇಲೆ ಹಕ್ಕಿಯ ತಲೆ ಬರೆದು 20 ಗಜದಿಂದ ಈಡು ಹೊಡೆದು ನೋಡಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅಮೆರಿಕದ ಇದೇ ಮಿಸೌರಿ ರಾಜ್ಯದಲ್ಲಿ, ನನ್ನ ಮೊದಲ ಏಪ್ರಿಲ್‌ಗೆ ಮುಂಚೆ, ನಾನು ಮಾಡಿದ್ದೂ ಅಷ್ಟನ್ನೇ.

ನಾನು ಕೊಡಗಿನವನು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅಜ್ಜನ ಜೋಡಿ ನಳಿಗೆಯ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಲೇ ಬೆಳೆದೆ. ಬೇಟೆಯನ್ನು ಮಾತ್ರ ಕಂಡವನಲ್ಲ. 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ ನಮಗೆ ಅದು ಹಿರಿಯರ ಬಾಯಲ್ಲಿ ಕೇಳಿದ ಕಥೆ. ತೆಂಗಿನಕಾಯಿಯ ಲೆಕ್ಕ ಸುಲಭ: ಒಡೆದರೆ ಗುರಿ ತಾಗಿತು, ಒಡೆಯದಿದ್ದರೆ ತಪ್ಪಿತು. ಆ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ಸಹೋದ್ಯೋಗಿಯೊಬ್ಬರ ಜಮೀನಿಗೆ ಹೋದೆ. 9 ಅಂಗುಲದ ತಟ್ಟೆಯೊಂದನ್ನು ಗೂಟಕ್ಕೆ ಚುಚ್ಚಿ, 20 ಗಜ ಅಳೆದು, ನಿಂತುಕೊಂಡು ಒಂದೇ ಒಂದು ಈಡು ಹೊಡೆದೆ.

ತಟ್ಟೆಯನ್ನು ಆಕಾಶಕ್ಕೆ ಹಿಡಿದು ನೋಡಿದೆ. ತೂತುಗಳಿಂದ ಬೆಳಕು ಸೋರುತ್ತಿತ್ತು. ಎಣಿಸಿದರೆ 110ರ ಹತ್ತಿರ. ಪೆನ್ನಿನಲ್ಲಿ ಬರೆದ ತಲೆಯೊಳಗೇ ಹನ್ನೆರಡು ಇದ್ದವು. ಕೆಳಗಿನ ಬಲ ಅಂಚು ಹರಿದು ಜೋತುಬಿದ್ದಿತ್ತು. ಹತ್ತಿರದಿಂದ ಹೊಡೆದದ್ದಕ್ಕೆ ಹರಿದಿರಬೇಕು ಎಂದುಕೊಂಡು ತಟ್ಟೆಯನ್ನು ಕಾರಿನ ಹಿಂದಿನ ಸೀಟಿಗೆ ಎಸೆದು ಮನೆಗೆ ಬಂದೆ.

ನನ್ನ ತಪ್ಪು ಅಲ್ಲೇ ಆಯಿತು. ಇದನ್ನು ಬಿಡಿಸಿ ಹೇಳಲೇಬೇಕು, ಬೇಸರಪಡದೆ ಓದಿ. ನನ್ನ ತೋಟಾದಲ್ಲಿದ್ದದ್ದು ಎರಡು ಔನ್ಸ್, 5ನೇ ನಂಬರಿನ ಗಾತ್ರದ ಸೀಸದ ಚರೆ, ಅಂದರೆ ಸಣ್ಣ ಗುಂಡುಗಳು. ಔನ್ಸಿಗೆ ಸುಮಾರು 170ರಂತೆ ಒಟ್ಟು 340 ಚರೆ. ತಟ್ಟೆಗೆ ಬಿದ್ದದ್ದು 110. ಉಳಿದ 230 ಎಲ್ಲಿ ಹೋದವು? ಈ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ. ಹುಟ್ಟಿದ್ದರೂ ಉತ್ತರ ಸಿಗುತ್ತಿರಲಿಲ್ಲ, ಏಕೆಂದರೆ ಅವು ಬಿದ್ದ ಜಾಗದಲ್ಲಿ ಕಾಗದವೇ ಇರಲಿಲ್ಲ. ನನ್ನ ಕೋವಿ ಗುರಿಯಿಟ್ಟ ಕಡೆಗೆ ಹೊಡೆಯುತ್ತಿರಲಿಲ್ಲ. ಚರೆಯ ಗುಂಪಿನ ನಡುಭಾಗ 20 ಗಜದಲ್ಲಿ ನಾಲ್ಕು ಅಂಗುಲ ಕೆಳಕ್ಕೆ, ಬಲಕ್ಕೆ ಬೀಳುತ್ತಿತ್ತು, ಅಂದರೆ ಸರಿಯಾಗಿ ಆ ಹರಿದ ಅಂಚಿಗೆ. ತಟ್ಟೆಯಲ್ಲಿ ನಾನು ಎಣಿಸಿದ್ದು ಗುಂಪಿನ ಒಂದು ಪಕ್ಕವನ್ನು ಮಾತ್ರ. ಆ ದೂರದಲ್ಲಿ ಚರೆ ಇನ್ನೂ ಒತ್ತಾಗಿರುವುದರಿಂದ ಪಕ್ಕದ ಪಾಲೇ ತಟ್ಟೆಯನ್ನು ಜರಡಿ ಮಾಡಿತ್ತು. ಇಂಥ ಓರೆ ದೂರದ ಜೊತೆಗೆ ಬೆಳೆಯುತ್ತದೆ. 20 ಗಜದಲ್ಲಿ ನಾಲ್ಕು ಅಂಗುಲವಾದರೆ 40 ಗಜದಲ್ಲಿ ಎಂಟು. ಅಷ್ಟರಲ್ಲಿ ಗುಂಪು ಹರಡಿ ತೆಳುವಾಗಿಯೂ ಇರುತ್ತದೆ. ಟರ್ಕಿಯ ತಲೆ, ಕತ್ತು ಎರಡೂ ಸೇರಿದರೂ ನಿಮ್ಮ ಮುಷ್ಟಿ ಮತ್ತು ಮುಂಗೈಯಷ್ಟೇ ಅಗಲ. ಎಂಟು ಅಂಗುಲ ಕೆಳಗೆ ಬಿದ್ದ ಚರೆ ತಾಗುವುದು ಕತ್ತಿಗಲ್ಲ, ಎದೆಗೆ.

ಮಿಸೌರಿಯಲ್ಲಿ ವಸಂತದ ಬೇಟೆ ಏಪ್ರಿಲ್‌ನ ಮೂರನೆಯ ಸೋಮವಾರ ಶುರುವಾಗುತ್ತದೆ. ಆ ಸೋಮವಾರ ಓಝಾರ್ಕ್ ಗುಡ್ಡದ ಏಣಿನ ಮೇಲೆ ಡಾಗ್‌ವುಡ್ ಮರಗಳು ಬೆಳ್ಳಗೆ ಹೂಬಿಟ್ಟಿದ್ದವು. ಬೆಳಕು ಹರಿದ ಅರ್ಧ ಗಂಟೆಗೆ ಗಂಡು ಟರ್ಕಿ ಬಾಲ ಬಿಚ್ಚಿಕೊಂಡು ಬಂತು. ನಂತರ ಹೆಜ್ಜೆ ಹಾಕಿ ಅಳೆದಾಗ 38 ಗಜ. ಕತ್ತು ನಿಗುರಿಸಿ ನಿಂತಿತು. ಕತ್ತಿನ ನಡುವಿಗೆ ಗುರಿಯಿಟ್ಟು ಹೊಡೆದೆ. ಹಕ್ಕಿ ಮಗುಚಿ ಬಿತ್ತು, ಎದ್ದಿತು, ಇಳಿಜಾರಿನ ಕಡೆ ಓಡುತ್ತಲೇ ರೆಕ್ಕೆ ಬಡಿದು ಕಣ್ಮರೆಯಾಯಿತು. ಬಿದ್ದ ಜಾಗದಲ್ಲಿ ಎದೆಯ ಗರಿಗಳಿದ್ದವು, ತುದಿಯಲ್ಲಿ ಕಪ್ಪು ಬಣ್ಣದವು. ಮಧ್ಯಾಹ್ನದವರೆಗೆ ಹುಡುಕಿದೆವು, ಸಿಗಲಿಲ್ಲ. ಒಂದು ಜೀವವನ್ನು ಗಾಯಗೊಳಿಸಿ ಕಾಡಿಗೆ ಬಿಟ್ಟೆ. ಆ ಗರಿಗಳನ್ನು ಎತ್ತಿಕೊಂಡ ಕೈ ಇಂದಿಗೂ ನೆನಪಾಗುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸುತ್ತೇನೆ. ಅಗ್ಗದ ಗುರಿಹಾಳೆ ಯಾವುದು ಎಂಬುದು ದೊಡ್ಡ ಮಾತೇ ಅಲ್ಲ. ಕಾಗದಕ್ಕೆ ಎಷ್ಟು ಖರ್ಚಾದೀತು? ದುಡ್ಡು ಹೋಗುವುದು ತೋಟಾಕ್ಕೆ. ಟಂಗ್‌ಸ್ಟನ್ ಚರೆಯದ್ದಾದರೆ ಒಂದೊಂದಕ್ಕೆ ಹತ್ತು ಡಾಲರ್ ದಾಟುತ್ತದೆ. ಅಷ್ಟು ಕೊಟ್ಟು ಹೊಡೆದ ಈಡು ಎಲ್ಲಿ ಬಿತ್ತೆಂದು ಪೂರ್ತಿ ತೋರಿಸುವಷ್ಟು ದೊಡ್ಡ ಹಾಳೆ ಇರಬೇಕು. ಸೋಡಾ ಡಬ್ಬಿ, ಬಲೂನು, ಕುಂಬಳಕಾಯಿ ಯಾವುದೂ ಬೇಡ. ಅವೂ ನನ್ನ ತೆಂಗಿನಕಾಯಿಯ ಹಾಗೆಯೇ, ತಾಗಿತೋ ಇಲ್ಲವೋ ಎಂಬುದರ ಆಚೆಗೆ ಏನನ್ನೂ ಹೇಳುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಪೊಟ್ಟಣ ಕಟ್ಟುವ ಕಂದು ಕಾಗದದ 3 ಅಡಿ ಅಗಲದ ಸುರುಳಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸುರುಳಿ ವರ್ಷಗಟ್ಟಲೆ ಬರುತ್ತದೆ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಿಂದಿನ ಹಲಗೆ ಮಾಡಿಕೊಂಡಿದ್ದೇನೆ, ಅಂಗಡಿಯವರನ್ನು ಕೇಳಿದರೆ ಸುಮ್ಮನೆ ಕೊಡುತ್ತಾರೆ. ನಿಲ್ಲಿಸಲು ಎರಡು ಮರದ ಗೂಟ. ಚಿಕ್ಕ ರಟ್ಟುಗಳಿಗೆ ಚುನಾವಣೆಯ ಫಲಕಗಳ ತಂತಿಯ ಕಾಲುಗಳು ಬಹಳ ಚೆನ್ನ. ನವೆಂಬರ್‌ನ ಚುನಾವಣೆ ಮುಗಿದ ಮೇಲೆ ನೆರೆಯವರನ್ನು ಕೇಳಿ ಪಡೆದುಕೊಳ್ಳಿ.

ಹಾಳೆಯ ನಡುವೆ ತಲೆ ಬರೆಯಲು ಚಿತ್ರಕಲೆ ಬೇಕಾಗಿಲ್ಲ. ಮನೆಯಲ್ಲೇ ಕಾಗದವನ್ನು ಮೇಜಿನ ಮೇಲೆ ಹರಡಿ, ಎಡಗೈ ಮುಷ್ಟಿ ಬಿಗಿದು, ಮಣಿಕಟ್ಟನ್ನು ಸ್ವಲ್ಪ ಬಗ್ಗಿಸಿ ಮುಂಗೈಯನ್ನು ಇಟ್ಟು ಸುತ್ತಲೂ ದಪ್ಪ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮುಷ್ಟಿ ತಲೆ, ಮುಂಗೈ ಕತ್ತು. ಗುರಿಯಿಡುವ ಬಿಂದು ಕತ್ತಿನ ನಡುವೆ, ಗರಿ ಶುರುವಾಗುವುದಕ್ಕಿಂತ ಮೇಲೆ. ನನ್ನ ಮಗಳು ಒಂದು ಸಂಜೆ ಕೂತು ಹತ್ತು ಹಾಳೆ ಮಾಡಿಕೊಟ್ಟಿದ್ದಾಳೆ.

ಒಂದು ಹಾಳೆಗೆ ಒಂದೇ ಈಡು. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಕಣ್ಣಿಗೆ, ಕಿವಿಗೆ ರಕ್ಷಣೆ ಇರಲಿ. ಬೇಟೆಯಲ್ಲಿ ಮರಕ್ಕೆ ಒರಗಿ ಕೂರುವ ಹಾಗೆಯೇ ನೆಲದ ಮೇಲೆ ಕೂತು, ಬೇಟೆಗೆ ಒಯ್ಯುವ ತೋಟಾವನ್ನೇ, ಅದೇ ಚೋಕ್ (ಚರೆ ಹರಡುವುದನ್ನು ಹಿಡಿತದಲ್ಲಿಡಲು ನಳಿಗೆಯ ಬಾಯಿಗೆ ಹಾಕುವ ಕೊಳವೆ) ಹಾಕಿ ಹೊಡೆಯಿರಿ. ದುಡ್ಡು ಉಳಿಸಲು ಮಣ್ಣಿನ ಬಿಲ್ಲೆಗೆ ಹೊಡೆಯುವ 8ನೇ ನಂಬರಿನ ಅಗ್ಗದ ತೋಟಾ ಬಳಸಿದರೆ ಆ ತೋಟಾ ಹೇಗೆ ಹರಡುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಈಡಿನ ನಂತರ ತೋಟಾದ ಹೆಸರು, ದೂರ, ಚೋಕ್ ಎಲ್ಲವನ್ನೂ ಹಾಳೆಯ ಮೂಲೆಯಲ್ಲಿ ಬರೆದುಬಿಡಿ. ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಮೂರನೆಯ ಹಾಳೆಗೆ ಎಲ್ಲ ಗೊಂದಲವಾಗುತ್ತದೆ.

ಆಮೇಲೆ ಬರುವುದು ಮುಖ್ಯ ಕೆಲಸ. ದಾರವೊಂದರ ತುದಿಗೆ ಪೆನ್ಸಿಲ್ ಕಟ್ಟಿ, 5 ಅಂಗುಲ ಬಿಟ್ಟು ಮೊಳೆ ಹಿಡಿಯಿರಿ. 10 ಅಂಗುಲದ ವೃತ್ತವನ್ನು ನೀವು ಗುರಿಯಿಟ್ಟ ಬಿಂದುವಿನ ಸುತ್ತ ಎಳೆಯಬೇಡಿ. ತೂತುಗಳು ಎಲ್ಲಿ ಅತಿ ದಟ್ಟವಾಗಿವೆಯೋ ಅಲ್ಲಿ ಎಳೆಯಿರಿ. ಆ ವೃತ್ತದ ನಡುಬಿಂದುವಿಗೂ ನಿಮ್ಮ ಗುರಿಗೂ ಇರುವ ಅಂತರವೇ ನಿಮ್ಮ ಕೋವಿಯ ಓರೆ. ಅದೇ ಓರೆ ಮೂರು ಹಾಳೆಯಲ್ಲೂ ಒಂದೇ ಕಡೆಗೆ ಕಂಡರೆ ಚೋಕ್ ಬದಲಿಸಿ ನೋಡಿ, ಇಲ್ಲವೇ ಗುರಿ ನೋಡಲು ನಳಿಗೆಯ ಮೇಲೆ ಕೂರಿಸುವ, ತಿರುಗಿಸಿ ಹೊಂದಿಸಬಹುದಾದ ಸೈಟ್ ಹಾಕಿಸಿ. ನಾನು ಹಾಕಿಸಿದೆ, ಓರೆ ಹೋಯಿತು. ಒಂದೊಂದು ಸಲ ಒಂದೊಂದು ಕಡೆ ಹೋದರೆ ಕೋವಿಯನ್ನು ದೂರಬೇಡಿ, ಹೊಡೆಯುವಾಗ ನಿಮ್ಮ ಕೆನ್ನೆ ಕೋವಿಯ ಹಿಡಿಯಿಂದ ಮೇಲೇಳುತ್ತಿದೆಯೇ ಎಂದು ಯಾರಾದರೂ ಪಕ್ಕದಲ್ಲಿ ನಿಂತು ನೋಡಲಿ.

ಓರೆ ಸರಿಹೋದ ನಂತರವೇ ಎಣಿಕೆ. 10 ಅಂಗುಲದ ವೃತ್ತದೊಳಗೆ 100 ತೂತು ಎಂಬುದು ಇಲ್ಲಿನ ಬೇಟೆಗಾರರು ಇಟ್ಟುಕೊಂಡಿರುವ ಅಳತೆ. 20, 30, 40 ಗಜದಲ್ಲಿ ಎಣಿಸಿ. ಅದಕ್ಕಿಂತ ಕಡಿಮೆಯಾಗುವ ದೂರದಲ್ಲಿ ಹಕ್ಕಿ ಎಷ್ಟೇ ಚೆಂದ ನಿಂತರೂ ಹೊಡೆಯಬೇಡಿ. ನನ್ನ ಮಿತಿ 35 ಗಜ. 40ಕ್ಕೆ ಒಯ್ಯಲು ಇನ್ನೊಂದು ಚೋಕ್ ಕೊಳ್ಳಿ ಎಂದವರಿದ್ದಾರೆ, ನನಗೆ ಬೇಕೆನಿಸಲಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲವಾದರೂ. ಎಚ್-1ಬಿಯಂತಹ ವೀಸಾದಲ್ಲಿದ್ದರೆ ಕೋವಿ ಮುಟ್ಟುವ ಮೊದಲೇ ರಾಜ್ಯದ ಬೇಟೆ ಪರವಾನಗಿ ಕೈಯಲ್ಲಿರಬೇಕು. ವಲಸೆಯೇತರ ವೀಸಾದವರಿಗೆ ಇಲ್ಲಿನ ಫೆಡರಲ್ ಕಾನೂನು ಬಂದೂಕನ್ನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಹಾಳೆಗೆ ಹೊಡೆಯುವ ದಿನವೂ ಅದು ಜೇಬಿನಲ್ಲಿರಲಿ.

ಇನ್ನೂ ಸಮಯವಿದೆ. ಈ ಶನಿವಾರವೇ 3 ಅಡಿಯ ಹಾಳೆ ಕಟ್ಟಿ 40 ಗಜದಿಂದ ಒಂದು ಈಡು ಹೊಡೆಯಿರಿ. ಗುರಿಯಿಟ್ಟ ಬಿಂದುವಿಗೆ ಕೆಂಪು ಗುರುತು ಹಾಕಿ, ಪೂರ್ತಿ ಹಾಳೆ ಕಾಣುವಂತೆ ಫೋಟೊ ತೆಗೆದು ಇಲ್ಲಿ ಹಾಕಿದರೆ ನಾನೂ ಕೂತು ಎಣಿಸುತ್ತೇನೆ.